ಕೈಯಲ್ಲಿ 15 ಲಕ್ಷ: ಸೈಟೋ, ಚಿನ್ನವೋ, ಠೇವಣಿಯೋ, ಫಂಡೋ, ಸ್ವಂತ ಅಂಗಡಿಯೋ?

ಅಂಗಡಿ, ಗಿರಣಿ, ಸಣ್ಣ ಕ್ಲಿನಿಕ್‌ಗಳ ಲೆಕ್ಕ ಬರೆಯುವುದು ನನ್ನ ವೃತ್ತಿ. ರಿಟರ್ನ್ಸ್ ಸಲ್ಲಿಸುವ ತಿಂಗಳುಗಳಲ್ಲಿ ಪ್ರತಿ ವರ್ಷವೂ ನಾಲ್ಕಾರು ಮಂದಿ ಒಂದೇ ಪ್ರಶ್ನೆ ಹೊತ್ತು ಬರುತ್ತಾರೆ. ಒಬ್ಬರಿಗೆ ನಿವೃತ್ತಿಯ ಗ್ರಾಚ್ಯುಟಿ ಬಂದಿರುತ್ತದೆ, ಇನ್ನೊಬ್ಬರಿಗೆ ಊರಿನ ಜಮೀನು ಮಾರಿದ ಪಾಲು. ಬೆಂಗಳೂರಿನಲ್ಲಿ ಗಂಡ-ಹೆಂಡತಿ ಇಬ್ಬರೂ ದುಡಿದು ಕೂಡಿಟ್ಟದ್ದು ಮತ್ತೊಬ್ಬರದು. ಮೊತ್ತ ಹೆಚ್ಚುಕಡಿಮೆ 10ರಿಂದ 20 ಲಕ್ಷ. 'ಸರ್, ಒಂದು ಆಸ್ತಿ ಅಂತ ಮಾಡ್ಕೋಬೇಕು. ಸೈಟ್ ತಗೊಳ್ಳೋದಾ, ಚಿನ್ನ ತಗೊಳ್ಳೋದಾ?'

ಆಸ್ತಿ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಹೊಲ, ಮನೆ, ಸೈಟು. ಲೆಕ್ಕದ ಪುಸ್ತಕದಲ್ಲಿ ಆ ಮಾತಿನ ಹರವು ಇನ್ನೂ ದೊಡ್ಡದು. ಗಿರಾಕಿ ಕೊಡಬೇಕಾದ ಉದ್ರಿ ಬಾಕಿ ಅಂಗಡಿಯವರ ಆಸ್ತಿ. ಕಟ್ಟಡದ ಮಾಲೀಕರ ಬಳಿ ಕೂತಿರುವ ಬಾಡಿಗೆ ಅಡ್ವಾನ್ಸೂ ಆಸ್ತಿ. ಬ್ಯಾಂಕಿನ ಠೇವಣಿ, ಮ್ಯೂಚುವಲ್ ಫಂಡಿನ ಯೂನಿಟ್ಟು, ಹೆಂಡತಿಯ ಬಳೆ, ಹಿಟ್ಟಿನ ಗಿರಣಿಯ ಮೋಟಾರು ಎಲ್ಲವೂ ಅಢಾವೆ ಪತ್ರಿಕೆಯ (ಬ್ಯಾಲೆನ್ಸ್ ಶೀಟ್) ಆಸ್ತಿಯ ಕಡೆಯೇ ಬರುತ್ತವೆ. ಎದುರು ಕಡೆ ಸಾಲ ನಿಂತಿರುತ್ತದೆ. ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದಷ್ಟೇ ನಿಮ್ಮದು. 60 ಲಕ್ಷದ ಮನೆಯಲ್ಲಿ ಕೂತು 48 ಲಕ್ಷ ಸಾಲ ಉಳಿಸಿಕೊಂಡವರ ಪಾಲು 12 ಲಕ್ಷ.

ಹೋಲಿಕೆಗೆ ಇಳಿಯುವ ಮೊದಲು ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳಬೇಕು, ಏಕೆಂದರೆ ಮುಂದಿನ ಅಳತೆಗೋಲುಗಳೆಲ್ಲ ಅಲ್ಲಿಂದಲೇ ಬಂದವು. ಕೆಲವು ವರ್ಷಗಳ ಹಿಂದೆ ಅಪ್ಪನಿಗೆ ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಿತ್ತು, ವಾರದೊಳಗೆ 4 ಲಕ್ಷ ಬೇಕಿತ್ತು. ನಮ್ಮ ಬಳಿ ಊರ ಹೊರಗೆ ಒಂದು ಸೈಟ್ ಇತ್ತು. ಅಕ್ಕಪಕ್ಕದವರ ಮಾತಿನಲ್ಲಿ ಅದರ ಬೆಲೆ 18 ಲಕ್ಷ. ಮೂರು ದಿನ ಓಡಾಡಿದ ಮೇಲೆ ಸಿಕ್ಕ ಒಬ್ಬನೇ ಗಿರಾಕಿ 12 ಲಕ್ಷ ಎಂದ. ಅದೂ ಖಾತೆ ಸರಿಮಾಡಿಸಿ ಕೊಟ್ಟರೆ, ಎರಡು ತಿಂಗಳ ನಂತರ. ಕೊನೆಗೆ ಅಮ್ಮ ಬೀರುವಿನಿಂದ ಬಳೆ, ಸರ ತೆಗೆದು ಕೊಟ್ಟರು. ಬ್ಯಾಂಕಿಗೆ ಹೋಗಿ ಎರಡು ಗಂಟೆಯೊಳಗೆ ದುಡ್ಡು ಖಾತೆಗೆ ಬಂತು. ಅವತ್ತಿನಿಂದ ನಾನು ಯಾವ ಆಸ್ತಿಗೂ ಒಂದೇ ಬೆಲೆ ಬರೆಯುವುದಿಲ್ಲ, ಎರಡು ಬರೆಯುತ್ತೇನೆ. ಮೊದಲನೆಯದು ಜನ ಹೇಳುವ ಬೆಲೆ, ಎರಡನೆಯದು ಅವಸರದ ಬೆಲೆ.

ಅಳೆಯುವುದು ಹೇಗೆ

ನನ್ನ ಮೊದಲ ಪ್ರಶ್ನೆ ಅದೇ: 15 ದಿನದೊಳಗೆ ಮಾರಲೇಬೇಕಾಗಿ ಬಂದರೆ ಕೈಗೆ ಎಷ್ಟು ಬರುತ್ತದೆ? ಎರಡನೆಯದು, ಬೇಕಾದಷ್ಟನ್ನು ಮಾತ್ರ ಮುರಿದು ತೆಗೆಯಲು ಸಾಧ್ಯವೇ? 4 ಲಕ್ಷ ಬೇಕಾದಾಗ ಸೈಟಿನ ಈಶಾನ್ಯ ಮೂಲೆಯನ್ನು ಮಾರಲಾಗದು. ಮೂರನೆಯದು, ಇಟ್ಟುಕೊಂಡ ಅಷ್ಟು ದಿನವೂ ಅದು ನಮ್ಮನ್ನು ಸಾಕುತ್ತದೆಯೇ, ಅಥವಾ ನಾವೇ ಅದನ್ನು ಸಾಕಬೇಕೇ? ನಾಲ್ಕನೆಯದು, ಕೊಳ್ಳುವಾಗಿನ ಖರ್ಚು, ಮಾರುವಾಗಿನ ಖರ್ಚು, ತೆರಿಗೆ ಮೂರನ್ನೂ ಕಳೆದ ಮೇಲೆ ಉಳಿಯುವುದೆಷ್ಟು? ಐದನೆಯದನ್ನು ಕೇಳಲು ಮನಸ್ಸು ಬಾರದಿದ್ದರೂ ಕೇಳಲೇಬೇಕು. ನಾಳೆ ನೀವಿಲ್ಲದಿದ್ದರೆ ಮನೆಯವರಿಗೆ ಅದು ತಕರಾರಿಲ್ಲದೆ ದಕ್ಕುತ್ತದೆಯೇ?

ಸೈಟು: ಲೆಕ್ಕ ಇಲ್ಲಿ ಎಲ್ಲಕ್ಕಿಂತ ತಪ್ಪುತ್ತದೆ

'ಅಂದು 3 ಲಕ್ಷಕ್ಕೆ ತಗೊಂಡದ್ದು ಇಂದು 40 ಲಕ್ಷ' ಎಂಬ ಮಾತು ಪ್ರತಿ ಮದುವೆ ಮನೆಯಲ್ಲೂ ಕೇಳಿಸುತ್ತದೆ. ಅದು ಸುಳ್ಳಲ್ಲ. ಆದರೆ 20 ವರ್ಷ ಕಳೆದರೂ ಮನೆ ಏಳದ ಬಡಾವಣೆಯಲ್ಲಿ ಮುಳ್ಳುಗಿಡ ಬೆಳೆದ ಸೈಟಿನ ಒಡೆಯರು ಆ ಮಾತಿನ ನಡುವೆ ಸುಮ್ಮನೆ ಕೂತಿರುತ್ತಾರೆ.

ಖರ್ಚಿನಿಂದ ಶುರು ಮಾಡೋಣ. ಕರ್ನಾಟಕದಲ್ಲಿ ಸೈಟಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಒಟ್ಟು ಶೇ 7.6. 15 ಲಕ್ಷದ ಸೈಟಿಗೆ 1,14,000 ರೂಪಾಯಿ. ದಲ್ಲಾಳಿಗೆ ಶೇ 1 ಸೇರಿಸಿದರೆ ನಿಮ್ಮ ಕೈಯಿಂದ ಹೋಗುವುದು 16.29 ಲಕ್ಷ. ಹತ್ತು ವರ್ಷದಲ್ಲಿ ಬೆಲೆ ಎರಡು ಪಟ್ಟಾಗಿ 30 ಲಕ್ಷ ಆಯಿತು ಎಂದುಕೊಳ್ಳಿ. ದಲ್ಲಾಳಿಗೆ ಮತ್ತೆ ಶೇ 1, ಲಾಭದ ಮೇಲೆ ಶೇ 12.5 ತೆರಿಗೆ ಮತ್ತು ಸೆಸ್. ಕೈಗೆ ಉಳಿಯುವುದು ಸುಮಾರು 28 ಲಕ್ಷ. ವರ್ಷಕ್ಕೆ ಶೇ 5.5ರ ಆಸುಪಾಸು. 'ಡಬಲ್ ಆಯಿತು' ಎಂಬ ಮಾತಿನ ಒಳಗಿರುವ ಲೆಕ್ಕ ಇಷ್ಟೇ. ಆ ಹತ್ತು ವರ್ಷವೂ ಸೈಟ್ ಒಂದು ರೂಪಾಯಿ ಬಾಡಿಗೆ ಕೊಟ್ಟಿರುವುದಿಲ್ಲ. ಕಂದಾಯ, ಬೇಲಿ, ಗಿಡ ಕಡಿಸುವ ಕೂಲಿ ಎಂದು ನಿಮ್ಮಿಂದಲೇ ತೆಗೆದುಕೊಂಡಿರುತ್ತದೆ.

ಹಾಗಾದರೆ ಸೈಟು ಬೇಡವೇ? ಮನೆ ಕಟ್ಟುವ ಉದ್ದೇಶವಿದ್ದರೆ ಖಂಡಿತ ಬೇಕು. ಆಗ ಅದು ಬಾಡಿಗೆ ಉಳಿಸುತ್ತದೆ, ಮಕ್ಕಳಿಗೆ ನೆಲೆ ಕೊಡುತ್ತದೆ, ಅಳತೆಯೇ ಬದಲಾಗುತ್ತದೆ. ನನ್ನ ಆಕ್ಷೇಪವಿರುವುದು ಕಟ್ಟುವ ಯೋಚನೆಯೇ ಇಲ್ಲದೆ, ಕೈಯಲ್ಲಿದ್ದ ಅಷ್ಟೂ ಹಣವನ್ನು ಎರಡನೆಯ, ಮೂರನೆಯ ಸೈಟಿಗೆ ಸುರಿಯುವುದಕ್ಕೆ.

ಇನ್ನು ದಾಖಲೆ. 15 ಲಕ್ಷಕ್ಕೆ ಬೆಂಗಳೂರಿನ ಸುತ್ತ ಸಿಗುವ ಸೈಟುಗಳಲ್ಲಿ ರೆವಿನ್ಯೂ ಸೈಟ್‌ಗಳೇ ಹೆಚ್ಚು. ಭೂಪರಿವರ್ತನೆ ಆಗದ ಕೃಷಿ ಜಮೀನನ್ನು ಗೆರೆ ಎಳೆದು ಮಾರಿದ್ದು ಅದು. ಅಗ್ಗಕ್ಕೆ ಸಿಗುವುದಕ್ಕೂ, ಮಾರುವಾಗ ಗಿರಾಕಿ ಹಿಂಜರಿಯುವುದಕ್ಕೂ, ಬ್ಯಾಂಕು ಸಾಲ ಕೊಡದಿರುವುದಕ್ಕೂ ಕಾರಣ ಒಂದೇ. ಮೂಲಪತ್ರ, 30 ವರ್ಷದ ಇಸಿ (ಋಣಭಾರ ಪತ್ರ), ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರದ ಅನುಮೋದಿತ ನಕ್ಷೆ, ಇ-ಖಾತಾ, ದೊಡ್ಡ ಬಡಾವಣೆಯಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಇವಿಷ್ಟನ್ನೂ ನಿಮ್ಮದೇ ವಕೀಲರಿಂದ ನೋಡಿಸಿ. ಮಾರುವವರು ತೋರಿಸುವ ವಕೀಲರಿಂದ ಬೇಡ. ಜಮೀನು ಹಿಂದೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಆದ ಮಾರಾಟವನ್ನು ರದ್ದು ಮಾಡಬಹುದು, ಮತ್ತು 2023ರ ತಿದ್ದುಪಡಿಯ ನಂತರ ಅದಕ್ಕೆ ಕಾಲಮಿತಿಯೂ ಇಲ್ಲ. ಆ ಜಮೀನು ಮೂಲ ಮಂಜೂರಾತಿದಾರರ ಕುಟುಂಬದ ಬದುಕು ಎಂಬುದನ್ನೂ ಮರೆಯಬಾರದು.

ಕೃಷಿ ಜಮೀನು ಕೊಳ್ಳಲು ಕೃಷಿಕರೇ ಆಗಿರಬೇಕು, ಆದಾಯದ ಮಿತಿ ಇರಬೇಕು ಎಂಬ 79ಎ, 79ಬಿ ಕಲಮುಗಳನ್ನು 2020ರಲ್ಲಿ ರಾಜ್ಯ ತೆಗೆದುಹಾಕಿತು. ಹಾಗೆಂದು ವಿದೇಶದಲ್ಲಿರುವ ಅನಿವಾಸಿ ಕನ್ನಡಿಗರು ಹೊಲ-ತೋಟ ಕೊಳ್ಳುವಂತಿಲ್ಲ, ಆ ತಡೆ ಕೇಂದ್ರದ ವಿದೇಶಿ ವಿನಿಮಯ ಕಾನೂನಿನದು. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು, ಸೈಟು ಮತ್ತು ಫ್ಲ್ಯಾಟ್ ಕೊಳ್ಳಬಹುದು.

ಚಿನ್ನ: ಒಡವೆ ಬೇರೆ, ಹೂಡಿಕೆ ಬೇರೆ

ಅವಸರದ ಬೆಲೆಯಲ್ಲಿ ಚಿನ್ನಕ್ಕೆ ಸಾಟಿಯಿಲ್ಲ. ಮುಕ್ಕಾಲು ಪಾಲು ಬೆಲೆಗೆ ಅಡವಿಟ್ಟು ಸಾಲ ತೆಗೆಯಬಹುದು. 2.5 ಲಕ್ಷದೊಳಗಿನ ಸಾಲಕ್ಕೆ ಶೇ 85ರವರೆಗೆ ಕೊಡಬಹುದೆಂದು ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ನಿಯಮ ಸಡಿಲಿಸಿತು. ಬೇಕಾದಷ್ಟೇ ತೂಕ ಇಡಬಹುದು, ಬಿಡಿಸಿಕೊಳ್ಳಬಹುದು. ನಮ್ಮ ಮನೆಯ ಬಳೆ, ಸರಗಳು ಅಪ್ಪ ಚೇತರಿಸಿಕೊಂಡ ಹದಿನಾಲ್ಕನೇ ತಿಂಗಳಿಗೆ ಮತ್ತೆ ಬೀರು ಸೇರಿದವು.

ಆದರೆ ಒಡವೆಯನ್ನು ಹೂಡಿಕೆ ಎಂದು ಕೊಂಡರೆ ಮೊದಲ ದಿನವೇ ಪೆಟ್ಟು. 1 ಲಕ್ಷದ ಚಿನ್ನಕ್ಕೆ ಮಜೂರಿ, ವೇಸ್ಟೇಜ್ ಎಂದು ಶೇ 10, ಒಟ್ಟಿನ ಮೇಲೆ ಶೇ 3 ಜಿಎಸ್‌ಟಿ: ಬಿಲ್ಲು 1,13,300. ಮರಳಿ ಮಾರುವಾಗ ಎಣಿಕೆಗೆ ಬರುವುದು ಚಿನ್ನದ ತೂಕ ಮಾತ್ರ. ಹಾಕಿಕೊಳ್ಳುವ ಸಂತೋಷಕ್ಕೆ ಆ ಹಣ ಕೊಡುತ್ತಿದ್ದೇವೆ ಎಂದು ತಿಳಿದು ಕೊಟ್ಟರೆ ಅದರಲ್ಲಿ ತಪ್ಪಿಲ್ಲ. ಹಾಲ್‌ಮಾರ್ಕ್ ಜೊತೆಗೆ ಆ ಒಡವೆಗೆಂದೇ ಕೊಟ್ಟ ಆರು ಅಂಕಿ-ಅಕ್ಷರದ ಗುರುತಾದ ಎಚ್‌ಯುಐಡಿ ಇದೆಯೇ ನೋಡಿ, 2023ರ ಏಪ್ರಿಲ್‌ನಿಂದ ಅದು ಕಡ್ಡಾಯ.

ಹೂಡಿಕೆಗಾಗಿಯೇ ಆದರೆ ಗೋಲ್ಡ್ ಇಟಿಎಫ್ (ಚಿನ್ನದ ಬೆಲೆಯನ್ನೇ ಅನುಸರಿಸುವ, ಷೇರಿನಂತೆ ಕೊಂಡು ಮಾರುವ ಫಂಡ್) ಉತ್ತಮ. ಮಜೂರಿ ಇಲ್ಲ, ಕಳ್ಳರ ಭಯವಿಲ್ಲ. ಸರ್ಕಾರದ ಸಾವರಿನ್ ಗೋಲ್ಡ್ ಬಾಂಡ್ ಇದಕ್ಕಿಂತಲೂ ಚೆನ್ನಾಗಿತ್ತು: 2015ರ ನವೆಂಬರ್‌ನಲ್ಲಿ ಗ್ರಾಂಗೆ 2,684ರಂತೆ ಕೊಂಡವರಿಗೆ 2023ರ ನವೆಂಬರ್‌ನಲ್ಲಿ 6,132 ಬಂತು, ವರ್ಷವರ್ಷವೂ ಬಡ್ಡಿ ಬೇರೆ. 2024ರ ಫೆಬ್ರುವರಿಯ ನಂತರ ಹೊಸ ಬಾಂಡ್ ಬಂದಿಲ್ಲ.

ಈಚಿನ ಏರಿಕೆ ನೋಡಿ ಎಲ್ಲವನ್ನೂ ಚಿನ್ನಕ್ಕೆ ಹಾಕಲು ಹೊರಟವರಿಗೆ ಒಂದು ನೆನಪು. 2012ರಲ್ಲಿ 10 ಗ್ರಾಂಗೆ 31,000ದ ಆಸುಪಾಸು ಇದ್ದ ಬೆಲೆ 2018ರಲ್ಲೂ ಹೆಚ್ಚುಕಡಿಮೆ ಅಲ್ಲೇ ಇತ್ತು. ಆರು ವರ್ಷದಲ್ಲಿ ಅದು ಮುಂದೆ ಹೋಗಲಿಲ್ಲ, ಆರು ವರ್ಷ ಬಡ್ಡಿಯನ್ನೂ ಕೊಡಲಿಲ್ಲ.

ಠೇವಣಿ

ಇದರಲ್ಲಿ ಹೆಚ್ಚು ಹೇಳುವುದಕ್ಕಿಲ್ಲ, ಹೇಳಬೇಕಾದದ್ದು ಮಾತ್ರ ಮುಖ್ಯ. ಅವಸರಕ್ಕೆ ಒದಗುತ್ತದೆ, ಸಣ್ಣ ಸಣ್ಣ ರಸೀದಿಗಳಾಗಿ ಇಟ್ಟರೆ ಬೇಕಾದಷ್ಟೇ ಮುರಿಯಬಹುದು. ಶೇ 6.5 ಬಡ್ಡಿ ಎಂದಿಟ್ಟುಕೊಂಡರೆ 15 ಲಕ್ಷಕ್ಕೆ ವರ್ಷಕ್ಕೆ 97,500. ಶೇ 30ರ ತೆರಿಗೆ ಕಟ್ಟುವ ಎಂಜಿನಿಯರಿಗೆ ಸೆಸ್ ಸೇರಿ ತೆರಿಗೆ ಕಳೆದು ಉಳಿಯುವುದು ಶೇ 4.5ಕ್ಕೂ ತುಸು ಕಡಿಮೆ, ಬೆಲೆಯೇರಿಕೆಯ ಎದುರು ಅದು ಸವೆಯುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಒಟ್ಟು ಆದಾಯ 12 ಲಕ್ಷದೊಳಗಿರುವ ನಿವೃತ್ತರಿಗೆ ಅದೇ ಠೇವಣಿ ಪೂರ್ತಿ ಶೇ 6.5 ಕೊಡುತ್ತದೆ. ಹಾಗಾಗಿ ಒಬ್ಬರಿಗೆ ಒಳ್ಳೆಯ ಠೇವಣಿ ಇನ್ನೊಬ್ಬರಿಗೆ ಒಳ್ಳೆಯದಾಗಬೇಕಿಲ್ಲ. 60 ದಾಟಿದವರು ಬ್ಯಾಂಕಿಗಿಂತ ಮೊದಲು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯನ್ನು ನೋಡಬೇಕು. 2023ರ ಏಪ್ರಿಲ್‌ನಲ್ಲಿ ಅದರ ದರ ಶೇ 8.2ಕ್ಕೇರಿತು, ಮಿತಿ 30 ಲಕ್ಷವಾಯಿತು. ಆ ದರದಲ್ಲಿ 15 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 30,750 ರೂಪಾಯಿ. ಸೇರುವ ದಿನದ ದರವೇ ಐದು ವರ್ಷಕ್ಕೂ ನಿಲ್ಲುತ್ತದೆ.

ಎಲ್ಲಿಡುತ್ತೀರಿ ಎಂಬುದು ಎಷ್ಟು ಬಡ್ಡಿ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಅದರ ಎಲ್ಲ ಶಾಖೆಗಳೂ ಸೇರಿ, ಅಸಲು ಮತ್ತು ಬಡ್ಡಿಗೆ 5 ಲಕ್ಷದವರೆಗೆ ಮಾತ್ರ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು ತೆಗೆಯಬಹುದಾಗಿದ್ದದ್ದು 35,000 ಮಾತ್ರ. ನಿವೃತ್ತಿಯ ಹಣವನ್ನೆಲ್ಲ ಒಂದೇ ಕಡೆ ಇಟ್ಟಿದ್ದ ಹಿರಿಯರು ಬಾಗಿಲಲ್ಲಿ ನಿಂತು ಅತ್ತದ್ದನ್ನು ನಾವೆಲ್ಲ ನೋಡಿದ್ದೇವೆ. ಇನ್ನು ಪತ್ತಿನ ಸಹಕಾರ ಸಂಘಗಳಿಗೆ, ಹೆಸರಿನ ಮುಂದೆ ಸೌಹಾರ್ದ ಎಂದಿರುವ ಪತ್ತಿನ ಸಂಸ್ಥೆಗಳಿಗೆ ಆ 5 ಲಕ್ಷದ ವಿಮೆಯೂ ಇಲ್ಲ. ನಿರ್ದೇಶಕರು ಪರಿಚಯದವರು, ನಮ್ಮ ಕಡೆಯವರು ಎಂಬುದು ಭದ್ರತೆಯಾಗುವುದಿಲ್ಲ. ಶೇ 2 ಹೆಚ್ಚು ಬಡ್ಡಿಗೆ ಜೀವಮಾನದ ದುಡಿಮೆಯನ್ನು ಒತ್ತೆ ಇಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಫಂಡು: ಕಾಯುವ ಶಕ್ತಿ ಇದ್ದವರಿಗೆ

ಷೇರು ಫಂಡಿನ ಹಣ ಎರಡು-ಮೂರು ಕೆಲಸದ ದಿನದಲ್ಲಿ ಬ್ಯಾಂಕಿಗೆ ಬರುತ್ತದೆ, 500 ರೂಪಾಯಿಯಷ್ಟು ಸಣ್ಣ ತುಂಡನ್ನೂ ಮುರಿಯಬಹುದು. ವರ್ಷ ದಾಟಿದ ಮೇಲೆ ಮಾರಿದರೆ, ಒಂದು ಆರ್ಥಿಕ ವರ್ಷದಲ್ಲಿ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ 12.5. ಅಳತೆಗೋಲಿನಲ್ಲಿ ಇದು ಬಹುತೇಕ ಎಲ್ಲದರಲ್ಲೂ ಗೆಲ್ಲುತ್ತದೆ, ಒಂದನ್ನು ಬಿಟ್ಟು: ಅವಸರದ ದಿನ ಯಾವುದೆಂದು ನಾವು ಆರಿಸುವಂತಿಲ್ಲ. 2020ರ ಜನವರಿಯಲ್ಲಿ 12,300 ದಾಟಿದ್ದ ಷೇರು ಸೂಚ್ಯಂಕ ನಿಫ್ಟಿ ಮಾರ್ಚ್ 23ಕ್ಕೆ 7,610ಕ್ಕಿಳಿಯಿತು. ಕೆಲಸ ಹೋದದ್ದು, ಆಸ್ಪತ್ರೆ ಖರ್ಚು ಬಂದದ್ದು ಅದೇ ತಿಂಗಳುಗಳಲ್ಲಿ. ನವೆಂಬರ್ ಹೊತ್ತಿಗೆ ಸೂಚ್ಯಂಕ ಮತ್ತೆ ಮೇಲೆ ಬಂತು, ಆದರೆ ಅಲ್ಲಿಯವರೆಗೆ ಕಾಯಲು ಬೇರೆ ದುಡ್ಡು ಬೇಕಿತ್ತಲ್ಲ. 2008ರಲ್ಲಿ ಇನ್ನೂ ಕಠಿಣ: 21,000 ಮುಟ್ಟಿದ್ದ ಸೆನ್ಸೆಕ್ಸ್ ಅರ್ಧಕ್ಕಿಂತ ಕೆಳಗೆ ಬಿತ್ತು, 2010ರ ನವೆಂಬರ್‌ನಲ್ಲಿ ಒಮ್ಮೆ ಆ ಮಟ್ಟ ಮುಟ್ಟಿ ಜಾರಿ, ಮತ್ತೆ ಅಲ್ಲಿಗೇರಲು 2013 ಆಗಬೇಕಾಯಿತು.

ಆದ್ದರಿಂದ ಏಳು ವರ್ಷದೊಳಗೆ ಬೇಕಾಗುವ ಹಣವನ್ನು ನಾನು ಷೇರು ಫಂಡಿಗೆ ಹಾಕಿಸುವುದಿಲ್ಲ. ಅದಕ್ಕೂ ಮೇಲಿನದಾದರೆ, ಖರ್ಚು ಕಡಿಮೆಯ ಇಂಡೆಕ್ಸ್ ಫಂಡ್ (ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಫಂಡ್), ಏಜೆಂಟರಿಲ್ಲದೆ ನೇರ ಕೊಳ್ಳುವ ಡೈರೆಕ್ಟ್ ಪ್ಲಾನ್, ಒಂದೇ ಸಲಕ್ಕೆ ಬೇಡ, ಹನ್ನೆರಡು ಕಂತಿನಲ್ಲಿ. ಏಜೆಂಟರ ಮೂಲಕ ರೆಗ್ಯುಲರ್ ಪ್ಲಾನ್ ಕೊಂಡರೆ ಪ್ರತಿ ವರ್ಷ ಕಮಿಷನ್ ಒಳಗೊಳಗೇ ಕಡಿತವಾಗುತ್ತದೆ. ಕೆಲವರಿಗೆ ಆ ಕಮಿಷನ್ ಕೊಡುವುದೂ ಲಾಭವೇ: ಮಾರುಕಟ್ಟೆ ಬಿದ್ದಾಗ 'ಮಾರಬೇಡಿ' ಎಂದು ಹಿಡಿದು ನಿಲ್ಲಿಸುವ ಒಬ್ಬ ಪ್ರಾಮಾಣಿಕ ಏಜೆಂಟ್ ಇದ್ದರೆ.

ಸ್ವಂತ ಅಂಗಡಿ

ನನಗೆ ಅತಿ ಇಷ್ಟದ, ಅತಿ ಭಯದ ಆಸ್ತಿ ಇದು. ಒಂದು ಬೇಕರಿ ಎಂದಿಟ್ಟುಕೊಳ್ಳಿ. 15 ಲಕ್ಷದಲ್ಲಿ ಬಾಡಿಗೆ ಅಡ್ವಾನ್ಸ್ 3, ಒಲೆ ಮತ್ತು ಗಾಜಿನ ಫ್ರಿಜ್‌ಗೆ 5, ಒಳಾಂಗಣಕ್ಕೆ 4, ಸರಕು ಮತ್ತು ಕೈಬಂಡವಾಳ 3. ಆರು ತಿಂಗಳಲ್ಲಿ ಮುಚ್ಚಬೇಕಾಗಿ ಬಂದರೆ? ಅಡ್ವಾನ್ಸ್ ಬಹುಪಾಲು ಬಂದೀತು. ಯಂತ್ರ ಅರ್ಧ ಬೆಲೆಗೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಯಂತ್ರಕ್ಕೆ ವರ್ಷಕ್ಕೆ ಶೇ 15 ಸವಕಳಿ, ಹಳೇ ಸಾಮಾನಿನ ಅಂಗಡಿಯವರ ಲೆಕ್ಕದಲ್ಲಿ ಅದಕ್ಕಿಂತ ಬಹಳ ಹೆಚ್ಚು. ಟೈಲ್ಸು, ಫಾಲ್ಸ್ ಸೀಲಿಂಗ್, ಬೋರ್ಡಿಗೆ ಹಾಕಿದ 4 ಲಕ್ಷ ಸೊನ್ನೆ. ಉದ್ರಿ ಬರೆದದ್ದರಲ್ಲಿ ಬಂದಷ್ಟು ಬಂತು.

ನಡೆದರೆ ಮಾತ್ರ ಬೇರೆ ಯಾವ ಆಸ್ತಿಯೂ ಕೊಡದಷ್ಟು ಕೊಡುತ್ತದೆ. ಖರ್ಚೆಲ್ಲ ಹೋಗಿ ತಿಂಗಳಿಗೆ 40,000 ಉಳಿಯಿತು ಎನ್ನಿ. ವರ್ಷಕ್ಕೆ 4.8 ಲಕ್ಷ, ಬಂಡವಾಳದ ಮೇಲೆ ಶೇ 32. ಇಲ್ಲೇ ಎಲ್ಲರೂ ಮರೆಯುವುದು ತಮ್ಮ ಕೂಲಿಯನ್ನು. ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ನಿಂತ ನಿಮಗೆ ಬೇರೆ ಕಡೆ 25,000 ಸಂಬಳ ಸಿಗುತ್ತಿತ್ತು ಎಂದಾದರೆ, ಬಂಡವಾಳದ ದುಡಿಮೆ 15,000 ಮಾತ್ರ, ಅಂದರೆ ಶೇ 12. ಅದೂ ಒಳ್ಳೆಯ ದರವೇ. ಶೇ 5ಕ್ಕಿಂತ ಕೆಳಗಿಳಿದರೆ ನೀವು ನಡೆಸುತ್ತಿರುವುದು ಅಂಗಡಿಯಲ್ಲ, ಬಂಡವಾಳ ಕೊಟ್ಟು ಕೊಂಡ ನೌಕರಿ. ಕಸುಬು ಗೊತ್ತಿದ್ದವರು, ಬೇರೆಯವರ ಅಂಗಡಿಯಲ್ಲಿ ಕನಿಷ್ಠ ಒಂದು ವರ್ಷ ನಿಂತವರು ಇದಕ್ಕೆ ಇಳಿಯಲಿ, ಅದೂ ಕೈಯಲ್ಲಿರುವುದರ ಮೂರನೇ ಎರಡು ಭಾಗದೊಳಗೆ. ನಿವೃತ್ತಿಯ ಹಣದಲ್ಲಿ ಮಗನಿಗೆ ಅಂಗಡಿ ಹಾಕಿಕೊಡಲು ಹೊರಟ ತಂದೆಯರಿಗೆ, ಮೊದಲು ನಿಮ್ಮ ಮತ್ತು ಅಮ್ಮನವರ ಊಟ-ಔಷಧಿಯ ಹಣ ಬೇರೆ ತೆಗೆದಿಡಿ ಎಂದೇ ಹೇಳುತ್ತೇನೆ.

ಯಾರಿಗೆ ಯಾವುದು

ಶೇ 14ರ ಕೈಸಾಲ ಅಥವಾ ಪರ್ಸನಲ್ ಲೋನ್ ಇರುವವರು ಮೇಲಿನ ಐದನ್ನೂ ಬದಿಗಿಟ್ಟು ಸಾಲ ತೀರಿಸಲಿ. ತೆರಿಗೆಯಿಲ್ಲದೆ, ಅಪಾಯವಿಲ್ಲದೆ ಶೇ 14 ಕೊಡುವ ಆಸ್ತಿ ಬೇರೊಂದಿಲ್ಲ.

ಪಿಂಚಣಿ ಇಲ್ಲದ ನಿವೃತ್ತರಿಗೆ: 10-11 ಲಕ್ಷ ಹಿರಿಯ ನಾಗರಿಕರ ಯೋಜನೆಗೆ, 3-4 ಲಕ್ಷ ಎರಡು ಬ್ಯಾಂಕುಗಳಲ್ಲಿ ಸಣ್ಣ ರಸೀದಿಗಳಾಗಿ. ಸೈಟು ಬೇಡ. ಪಿಂಚಣಿ ಚೆನ್ನಾಗಿ ಬರುತ್ತಿದ್ದು ಈ ಹಣ ಮೊಮ್ಮಕ್ಕಳಿಗೆ ಎಂದಿದ್ದರೆ ಅರ್ಧವನ್ನು ಇಂಡೆಕ್ಸ್ ಫಂಡಿಗೆ ಹಾಕಲು ವಯಸ್ಸು ಅಡ್ಡಿಯಲ್ಲ.

ಮೂವತ್ತರ ಆಸುಪಾಸಿನ ದುಡಿಯುವ ದಂಪತಿಗೆ: ಆರು ತಿಂಗಳ ಮನೆಖರ್ಚು ಠೇವಣಿಯಲ್ಲಿ, ಉಳಿದದ್ದು ಕಂತಿನಲ್ಲಿ ಫಂಡಿಗೆ. ಐದಾರು ವರ್ಷದಲ್ಲಿ ಮನೆ ಕಟ್ಟಲೇಬೇಕು, ಊರು ಯಾವುದೆಂದೂ ಗೊತ್ತು ಎಂದಾದರೆ ಮಾತ್ರ ಸೈಟು. ಆಗಲೂ ದೂರದ ಅಗ್ಗದ ದೊಡ್ಡ ಸೈಟಿಗಿಂತ, ದಾಖಲೆ ಸರಿಯಿರುವ 20×30ರ ಚಿಕ್ಕದು ಮೇಲು.

ಮಗಳ ಮದುವೆ ಮೂರು ವರ್ಷದೊಳಗೆ ಇದ್ದರೆ, ಬೇಕಾದ ಚಿನ್ನದ ಹಣವನ್ನು ಈಗಿನಿಂದಲೇ ಇಟಿಎಫ್‌ನಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕಿ. ಬೆಲೆ ಏರಿದರೂ ನಿಮ್ಮ ಗ್ರಾಂ ನಿಮ್ಮದೇ. ಉಳಿದ ಮದುವೆ ಖರ್ಚು ಠೇವಣಿಯಲ್ಲಿರಲಿ, ಫಂಡಿನಲ್ಲಲ್ಲ.

ನಡೆಯುತ್ತಿರುವ ಅಂಗಡಿ ಇದ್ದವರು ಎರಡನೇ ಶಾಖೆಗೆ ಹೊರಡುವ ಮುನ್ನ ಉದ್ರಿ ಪುಸ್ತಕ ತೆರೆಯಿರಿ. ಮೂರು ತಿಂಗಳಿಗಿಂತ ಹಳೆಯ ಬಾಕಿ ಎಷ್ಟಿದೆ? ಎಷ್ಟೋ ಸಲ ಹೊಸ ಬಂಡವಾಳ ಎಂದು ಹುಡುಕುವ ಹಣ ಅಲ್ಲೇ ಕೂತಿರುತ್ತದೆ.

15 ಲಕ್ಷವಿಲ್ಲ, 2 ಲಕ್ಷವಷ್ಟೇ ಇದೆ ಎನ್ನುವವರಿಗೆ ಆಯ್ಕೆಯ ಗೊಂದಲವೇ ಬೇಡ: ಅದು ಪೂರ್ತಿ ಠೇವಣಿಯಲ್ಲಿರಲಿ, ಮುಂದಿನ ತಿಂಗಳ ಉಳಿತಾಯದಿಂದ ಫಂಡು ಶುರುವಾಗಲಿ.

ಯಾವುದನ್ನೇ ಆರಿಸಿದರೂ ಹಣ ಹಾಕಿದ ದಿನವೇ ನಾಮಿನಿ ಹೆಸರು ಬರೆಯಿರಿ. 2025ರ ನವೆಂಬರ್‌ನಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ಹೆಸರಿಸಬಹುದು. ನಾಮಿನಿ ಎಂದರೆ ಹಣ ಪಡೆಯುವವರು, ಹಕ್ಕುದಾರರು ಬೇರೆ ಇರಬಹುದು. ಆದ್ದರಿಂದ ಸೈಟು, ಅಂಗಡಿ ಇದ್ದವರು ಉಯಿಲನ್ನೂ ಬರೆದಿಡಿ. ನಂತರ ಒಂದು ಹಾಳೆಯ ಮೇಲೆ ಎಲ್ಲ ಆಸ್ತಿಗಳನ್ನೂ ಬರೆದು, ಪ್ರತಿಯೊಂದರ ಎದುರು ಜನ ಹೇಳುವ ಬೆಲೆ, ಅವಸರದ ಬೆಲೆ, ಕಾಗದ ಎಲ್ಲಿದೆ ಎಂಬ ಮೂರು ಕಾಲಂ ತುಂಬಿಸಿ, ಮನೆಯಲ್ಲಿ ಇನ್ನೊಬ್ಬರಿಗೆ ತೋರಿಸಿ. ನಮ್ಮ ಮನೆಯಲ್ಲಿ ಆ ಹಾಳೆ ಬೀರುವಿನಲ್ಲಿ ಅಮ್ಮನ ಬಳೆಯ ಡಬ್ಬಿಯ ಕೆಳಗಿದೆ.